ಮೊಸಳೆ ತೋಡಿದ ಹೊಂಡ
1947ರಲ್ಲಿ ರಾಷ್ಟ್ರೀಯ ಉದ್ಯಾನವಾದ ಫ್ಲಾರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಕ್ಯಾನೂಗೆ ಹುಟ್ಟು ಹಾಕುವವರು ಆತುರಪಡಬಾರದು. ದೂರಕ್ಕೆ ಹುಲ್ಲುಗಾವಲಿನಂತೆ ಕಾಣುವುದರ ಬುಡದಲ್ಲಿ ನೀರಿದೆ, ಅದು ದಕ್ಷಿಣಕ್ಕೆ ಮೆಲ್ಲನೆ ಸರಿಯುತ್ತಿರುತ್ತದೆ. ಗರಗಸದಂಥ ಅಂಚಿನ ಆ ‘ಹುಲ್ಲು’ ಅಸಲಿಗೆ ಜೇಕಿನ ಜಾತಿ. ಬರಿಗೈ ಸವರಿದರೆ ಕುಯ್ಯುತ್ತದೆ. ಚಳಿಗಾಲದ ಒಣ ತಿಂಗಳುಗಳಲ್ಲಿ ನೀರು ಇಳಿದಾಗ, ಆಲಿಗೇಟರ್ ಮೊಸಳೆಗಳು ಮೂತಿ, ಕಾಲು, ಬಾಲಗಳಿಂದ ಕೆಸರು ತೋಡಿ ಮಾಡಿಟ್ಟ ಹೊಂಡಗಳಲ್ಲಿ ನೀರು ನಿಂತಿರುತ್ತದೆ. ಮೀನು, ಆಮೆ, ಕೊಕ್ಕರೆ ಎಲ್ಲ ಅಲ್ಲಿಗೇ ಸೇರುತ್ತವೆ. ಕೆಲವು ಆ ಮೊಸಳೆಗೇ ಊಟವಾಗುತ್ತವೆ. ಈ ಹೊಂಡಗಳನ್ನು ನೋಡಲೆಂದೇ ಅಲ್ಲಿಗೆ ಹೋಗಬೇಕು ಎನ್ನುತ್ತೇನೆ. ಕಾಲ್ನಡಿಗೆಗೆ ಅನ್‌ಹಿಂಗಾ ಹಾದಿಯಿದೆ. ಮುಳುಗಿ ಮೀನು ತಿವಿದು ಬಂದ ಅನ್‌ಹಿಂಗಾ ಹಕ್ಕಿ ನೆನೆದ ರೆಕ್ಕೆ ಹರವಿ ಬಿಸಿಲಿಗೆ ಕೂತಿರುತ್ತದೆ. ರಂಗನತಿಟ್ಟಿನಲ್ಲಿ ನಾವು ನೋಡುವ ಹಾವಕ್ಕಿಯ ಹತ್ತಿರದ ಬಳಗ ಅದು: ಅದೇ ಹಾವಿನಂಥ ಕತ್ತು, ಅದೇ ಭರ್ಜಿಯಂಥ ಕೊಕ್ಕು.