ತೆರೆದ ಬಾಗಿಲಿನ ಲಿಫ್ಟುಗಳು

ಮಂಗಳೂರಿನಿಂದ ಕೊಯಮತ್ತೂರಿಗೆ ಹೋಗುವ ರೈಲಿನಲ್ಲಿ ನಮ್ಮ ಜಿಲ್ಲೆಯವರು ಇಲ್ಲದ ದಿನವಿಲ್ಲ. ಆಸ್ಪತ್ರೆಗೆ ಹೋಗುವವರು, ಮಕ್ಕಳನ್ನು ಅಲ್ಲಿನ ಕಾಲೇಜುಗಳಿಗೆ ಸೇರಿಸಿ ಬರುವವರು, ತಿರುಪ್ಪೂರಿನಿಂದ ಬನಿಯನ್ ಸರಕು ತರುವ ಅಂಗಡಿಯವರು, ಅಲ್ಲಿಯೇ ಕೆಲಸಕ್ಕೆ ನಿಂತ ಹುಡುಗರು, ಹೀಗೆ ಹಲವರು. ಆದುದರಿಂದ ಆ ಎರಡು ಜಿಲ್ಲೆಗಳ ಕಟ್ಟಡಗಳಲ್ಲಿ ಲಿಫ್ಟುಗಳು ಯಾವ ಸ್ಥಿತಿಯಲ್ಲಿವೆ ಎಂಬುದು ನಮಗೆ ಸಂಬಂಧಿಸದ ವಿಷಯವೆಂದು ಯಾರೂ ಹೇಳಲಾರರು.

ತಿರುಪ್ಪೂರಿನ ಒಂದು ಬನಿಯನ್ ಕಂಪೆನಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮೇಲ್ವಿಚಾರಕನಾಗಿದ್ದಾನೆ. ಅವನನ್ನು ನೋಡಲು ಹೋಗಿದ್ದಾಗ ಬಟ್ಟೆಯ ಕಟ್ಟುಗಳನ್ನು ಮೇಲಿನ ಮಹಡಿಗೆ ಸಾಗಿಸುವ ಲಿಫ್ಟೊಂದು ಕಣ್ಣಿಗೆ ಬಿತ್ತು. ಜಾಲರಿ ಬಾಗಿಲು ಪೂರ್ತಿ ತೆರೆದಿತ್ತು. ಕಟ್ಟುಗಳ ಮೇಲೆ ಹುಡುಗನೊಬ್ಬ ಕುಳಿತಿದ್ದ. ಲಿಫ್ಟು ಹಾಗೆಯೇ ಮೇಲೇರಿತು. ಬಾಗಿಲು ಹಾಕದೆ ಅದು ಓಡುವುದಾದರೂ ಹೇಗೆ ಎಂದು ಕೇಳಿದೆವು. "ಬಾಗಿಲಿನಲ್ಲಿ ಒಂದು ಸ್ವಿಚ್ಚಿದೆ ಮಾಸ್ಟ್ರೇ, ಪದೇ ಪದೇ ತೊಂದರೆ ಕೊಡುತ್ತದೆಂದು ಅದರ ಎರಡು ತಂತಿಗಳನ್ನು ಒಟ್ಟಿಗೆ ಸುತ್ತಿಬಿಟ್ಟಿದ್ದಾರೆ. ಕೆಲಸ ನಿಲ್ಲಬಾರದಲ್ಲ" ಎಂದ. ತಪ್ಪು ಅವನದಲ್ಲ, ಆದರೂ ಅವನ ಮುಖದಲ್ಲಿ ನಾಚಿಕೆಯಿತ್ತು.

ಲಿಫ್ಟೆಂದರೆ ಹಗ್ಗ ಕಡಿದು ಬೀಳುವುದೆಂಬ ಹೆದರಿಕೆ ನಮ್ಮ ಜನರಲ್ಲಿ ಇಂದಿಗೂ ಇದೆ. ಆ ಹೆದರಿಕೆಗೆ 1854ರಲ್ಲಿಯೇ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಎಲಿಶಾ ಓಟಿಸ್ ಉತ್ತರ ಕೊಟ್ಟಿದ್ದ. ತಾನು ನಿಂತಿದ್ದ ಲಿಫ್ಟಿನ ಹಗ್ಗವನ್ನು ಜನರೆದುರಿಗೇ ಕಡಿಸಿ, ಅದು ಬೀಳದೆ ನಿಲ್ಲುವುದನ್ನು ತೋರಿಸಿದ. ಇಂದಿನ ಲಿಫ್ಟುಗಳಲ್ಲಿ ವಿದ್ಯುತ್ತು ಹರಿಯುವಾಗ ಮಾತ್ರ ಬ್ರೇಕು ಸಡಿಲಗೊಳ್ಳುತ್ತದೆ. ಕರೆಂಟು ಹೋದೊಡನೆ ಸ್ಪ್ರಿಂಗಿನ ಬಲದಿಂದ ಅದು ಬಿಗಿಯಾಗುತ್ತದೆ. ಹೀಗಾಗಿ ಕತ್ತಲಲ್ಲಿ ನಿಂತುಬಿಟ್ಟ ಲಿಫ್ಟಿನ ಒಳಗೆ ಇರುವವನು, ಬಾಗಿಲನ್ನು ಮೀಟಿ ಹಾರಲು ಹೋಗದಿದ್ದರೆ, ಬಹುಮಟ್ಟಿಗೆ ಸುರಕ್ಷಿತನೇ. ನಿಜವಾದ ಅಪಾಯವಿರುವುದು ಬಾಗಿಲಿನಲ್ಲಿ. ಪ್ರತಿ ಮಹಡಿಯ ಬಾಗಿಲಿನ ಸ್ವಿಚ್ಚುಗಳನ್ನೂ ಸರಪಣಿಯ ಕೊಂಡಿಗಳಂತೆ ಒಂದೇ ಸರ್ಕೀಟಿನಲ್ಲಿ ಜೋಡಿಸಿರುತ್ತಾರೆ. ಒಂದು ಬಾಗಿಲು ತೆರೆದಿದ್ದರೂ ಮೋಟಾರಿಗೆ ವಿದ್ಯುತ್ತು ಸಿಗಬಾರದು. ಆ ಸರಪಣಿಗೆ ಒಂದು ತುಂಡು ತಂತಿಯಿಂದ ಅಡ್ಡದಾರಿ ಮಾಡಿಕೊಟ್ಟರೆ, ಲಿಫ್ಟು ಇದೆಯೆಂದು ಕಾಲಿಟ್ಟವನ ಕಾಲಡಿಯಲ್ಲಿ ಬರಿಯ ಗುಂಡಿಯೇ ಇರಬಹುದು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇರುವಾಗಲೇ ಲಿಫ್ಟು ಹೊರಡಲೂಬಹುದು.

ಇದು ಅರಿಯದ ಊರಿನಲ್ಲಿ ನಡೆಯುವ ಪ್ರಮಾದವೂ ಅಲ್ಲ. ಪೈಕಾರದ ಜಲವಿದ್ಯುತ್ತು 1930ರ ದಶಕದಲ್ಲಿ ಬಂದ ಮೇಲೆ ಬೆಳೆದ ಗಿರಣಿಗಳ ನಗರ ಕೊಯಮತ್ತೂರು. ಜಿ. ಡಿ. ನಾಯ್ಡು ಅವರು 1937ರಲ್ಲಿ ವಿದ್ಯುತ್ ಮೋಟಾರನ್ನು ತಯಾರಿಸಿದ್ದೂ ಅಲ್ಲಿಯೇ. 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ತಿರುಪ್ಪೂರಿನ ಬನಿಯನ್ನು ಇಂದು ಸಮುದ್ರ ದಾಟಿ ಹೋಗುತ್ತದೆ.

ಕಾನೂನಿಗೂ ಕೊರತೆಯಿಲ್ಲ. ಲಿಫ್ಟು ಮಹಡಿಗೆ ಬಂದು ನಿಲ್ಲದೆ ಬಾಗಿಲು ತೆರೆಯಕೂಡದು, ಬಾಗಿಲು ಮುಚ್ಚದೆ ಲಿಫ್ಟು ಚಲಿಸಕೂಡದು, ಆರು ತಿಂಗಳಿಗೊಮ್ಮೆ ಬಲ್ಲವರಿಂದ ತಪಾಸಣೆಯಾಗಬೇಕು ಎಂದು 1948ರ ಕಾರ್ಖಾನೆ ಕಾನೂನಿನ 28ನೆಯ ವಿಧಿ ಸ್ಪಷ್ಟವಾಗಿಯೇ ಹೇಳಿತ್ತು. 2025ರಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದು ಆ ಕಾನೂನು ಹಿಂದೆ ಸರಿಯಿತು. ಲಿಫ್ಟಿನ ಬಾಗಿಲೇನೂ ಬದಲಾಗಿಲ್ಲ. ತಮಿಳುನಾಡಿನಲ್ಲಿ ಲಿಫ್ಟುಗಳಿಗೆಂದೇ 1997ರ ಕಾನೂನಿದೆ, ವಿದ್ಯುತ್ ಇನ್‌ಸ್ಪೆಕ್ಟರುಗಳ ಇಲಾಖೆಯಿದೆ. ಲೈಸೆನ್ಸು ಸಿಕ್ಕ ಮರುದಿನ ತಂತಿ ಸುತ್ತುವ ಕೈಯನ್ನು ತಡೆಯುವವರು ಯಾರು ಎಂಬುದೇ ಪ್ರಶ್ನೆ. ಭೂಸಂಪರ್ಕದ ತಂತಿ ತುಕ್ಕು ಹಿಡಿದು ಕಡಿದಿರುವುದು, ಮಳೆಗಾಲದಲ್ಲಿ ಲಿಫ್ಟಿನ ಗುಂಡಿಯಲ್ಲಿ ನೀರು ನಿಲ್ಲುವುದು, ಕರೆಗಂಟೆಯ ಬ್ಯಾಟರಿ ಸತ್ತಿರುವುದು ಇವೆಲ್ಲ ಇದೇ ಉದಾಸೀನದ ಮಕ್ಕಳು.

ಜವಳಿ ಅಂಗಡಿಗಳ ಚಲಿಸುವ ಮೆಟ್ಟಿಲುಗಳ ವಿಷಯವನ್ನೂ ಹೇಳಬೇಕು. ಅದರ ಬುಡದಲ್ಲಿಯೂ ತುದಿಯಲ್ಲಿಯೂ ಕೆಂಪು ಗುಂಡಿಯೊಂದಿರುತ್ತದೆ; ಒತ್ತಿದರೆ ಮೆಟ್ಟಿಲು ನಿಲ್ಲುತ್ತದೆ. ದೀಪಾವಳಿಯ ನೂಕುನುಗ್ಗಲಿನಲ್ಲಿ ಸೀರೆಯ ಅಂಚೋ ಮಗುವಿನ ಚಪ್ಪಲಿಯೋ ಸಿಕ್ಕಿಕೊಂಡಾಗ ಕೂಗುವವರೇ ಹೆಚ್ಚು, ಗುಂಡಿ ಒತ್ತುವವರು ಕಡಿಮೆ. ಕಾರಣ, ಅದನ್ನು ಯಾರೂ ಅವರಿಗೆ ತೋರಿಸಿಲ್ಲ.

ಎಚ್ಚರಿಕೆಯ ಫಲಕಗಳ ಭಾಷೆಯ ಬಗ್ಗೆ ಕಾಸರಗೋಡಿನವರಾದ ನಮಗೆ ಒಂದು ಮಾತು ಹೇಳುವ ಅಧಿಕಾರವಿದೆ. ಕೊಯಮತ್ತೂರಿನ ಸುತ್ತಮುತ್ತ ತಲೆಮಾರುಗಳಿಂದ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ದೇವಾಂಗ ನೇಕಾರರಿದ್ದಾರೆ. ಅವರು ತಮಿಳು ಓದಬಲ್ಲರು. ಆದರೆ ಒಡಿಶಾ, ಬಿಹಾರಗಳಿಂದ ತಿರುಪ್ಪೂರಿಗೆ ಬಂದ ಹುಡುಗನಿಗೆ "ಸರಕಿಗೆ ಮಾತ್ರ" ಎಂಬ ತಮಿಳು ಬರಹ ಗೋಡೆಯ ಮೇಲಿನ ಗೀಟು ಮಾತ್ರ. ಓದಲಾಗದ ಫಲಕದ ಮುಂದೆ ನಿಲ್ಲುವುದೆಂದರೇನೆಂದು ನಮ್ಮ ಜಿಲ್ಲೆಯ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಫಲಕವು ಕೆಲಸಗಾರನ ಭಾಷೆಯಲ್ಲಿರಲಿ, ಜತೆಗೆ ಒಂದು ಚಿತ್ರವೂ ಇರಲಿ.

ಇನ್ನು ನಮ್ಮ ಮನೆಯ ಕಡೆಗೂ ತಿರುಗಿ ನೋಡೋಣ. ಕೇರಳದಲ್ಲಿ 2013ರ ಲಿಫ್ಟ್ ಕಾನೂನಿದೆ. ಆದರೂ 2024ರ ಜುಲೈಯಲ್ಲಿ ತಿರುವನಂತಪುರದ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ ರೋಗಿಯೊಬ್ಬರು ಶನಿವಾರ ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಸೋಮವಾರ ಬೆಳಿಗ್ಗೆಯಷ್ಟೇ ಹೊರಬಂದರು. ಕಾಸರಗೋಡಿನ ಜನರಲ್ ಆಸ್ಪತ್ರೆಯಲ್ಲಿ 2023ರಲ್ಲಿ ಲಿಫ್ಟು ಕೆಟ್ಟಾಗ ತಲೆಹೊರೆ ಕಾರ್ಮಿಕರೇ ಹೆಗಲು ಕೊಟ್ಟದ್ದನ್ನು ಓದುಗರು ಮರೆತಿರಲಾರರು.

ತಪಾಸಣೆಗೆ ಬರುವ ಅಧಿಕಾರಿಗಳು ಕಚೇರಿಯ ಕೋಣೆಯಲ್ಲಿ ಕುಳಿತು ಕಾಗದಗಳನ್ನು ನೋಡುವ ಮೊದಲು, ತಿಳಿಸದೆಯೇ ಬಂದು, ಹಿಂಬದಿಯ ಸರಕು ಲಿಫ್ಟಿನ ಬಾಗಿಲನ್ನು ತೆರೆದಿಟ್ಟು ಹೊರಗಿನಿಂದ ಗುಂಡಿ ಒತ್ತಲಿ. ಲಿಫ್ಟು ಅಲುಗಿದರೆ ಅಲ್ಲಿಯೇ ಮುಖ್ಯ ಸ್ವಿಚ್ಚನ್ನು ಆರಿಸಿ ಮುದ್ರೆ ಹಾಕಲಿ. ಇದಕ್ಕೆ ಹೊಸ ಕಾನೂನೂ ಬೇಡ, ಐದು ನಿಮಿಷಕ್ಕಿಂತ ಹೆಚ್ಚಿನ ಸಮಯವೂ ಬೇಡ. ಕೊಯಮತ್ತೂರು, ತಿರುಪ್ಪೂರುಗಳಲ್ಲಿ ಆಗಬೇಕಾದ ಈ ಪರೀಕ್ಷೆ ನಮ್ಮ ಪೇಟೆಯ ಕಟ್ಟಡಗಳಲ್ಲಿಯೂ ಮುಂದಿನ ಮಳೆಗಾಲಕ್ಕೆ ಮೊದಲೇ ಆಗಬೇಕು.