ಊರಿನ ಲೆಕ್ಕ ಊರಿಗೆ ಕಾಣಲಿ

ನಗರಸಭೆ ಎಂಬುದು ಯಾರ ಸಭೆ? ಕಂದಾಯ ಕಟ್ಟುವವರು ನಾವು, ಮತ ಹಾಕುವವರು ನಾವು, ಚರಂಡಿಯ ನಾತವನ್ನು ಸಹಿಸುವವರೂ ನಾವು. ಆದರೆ ಆ ಸಭೆಯ ದಫ್ತರದಲ್ಲಿ ಏನು ಬರೆದಿದೆ ಎಂದು ಕೇಳಿದೊಡನೆ ನಾವು ಹೊರಗಿನವರಾಗಿಬಿಡುತ್ತೇವೆ. ಯಾವ ಬೀದಿಯ ಯಾವ ಕಟ್ಟಡಕ್ಕೆ ಎಷ್ಟು ಮಹಡಿಯ ಪರವಾನಗಿ ಕೊಟ್ಟರು? ಪೇಟೆಯ ನಗರಸಭೆ ಮಳಿಗೆ ಯಾರ ಹೆಸರಿನಲ್ಲಿದೆ? ಯಾರು ಎಷ್ಟು ವರ್ಷದಿಂದ ತೆರಿಗೆ ಬಾಕಿ ಇಟ್ಟುಕೊಂಡಿದ್ದಾರೆ? ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗ ಈಗ ಯಾರ ಬೇಲಿಯೊಳಗಿದೆ? ಇವು ರಾಜ್ಯದ ರಹಸ್ಯಗಳಲ್ಲ, ಊರಿನ ಮನೆಯ ಲೆಕ್ಕ. ಅರ್ಜಿ ಹಾಕದೆ, ಗುಮಾಸ್ತರ ಮೇಜಿನ ಮುಂದೆ ಕೈಕಟ್ಟಿ ನಿಲ್ಲದೆ, ಈ ಲೆಕ್ಕವನ್ನು ಊರಿನವರೆಲ್ಲರೂ ತಮ್ಮ ಮೊಬೈಲಿನಲ್ಲಿಯೂ ವಾರ್ಡಿನ ಗೋಡೆಯ ಮೇಲೂ ನೋಡುವಂತಾಗಬೇಕು ಎಂಬುದು ನಮ್ಮ ಒತ್ತಾಯ.

“ಈಗ ಎಲ್ಲವೂ ಕಂಪ್ಯೂಟರಿಗೆ ಹೋಗಿದೆಯಲ್ಲ, ಇನ್ನೇನು ಬೇಕು?” ಎಂದು ಆಳುವವರು ಕೇಳುತ್ತಾರೆ. ಹೋಗಿರುವುದು ನಿಜ. ನಗರಗಳ ಖಾತೆಗಳು ಇ-ಆಸ್ತಿ ಎಂಬ ವ್ಯವಸ್ಥೆಗೆ ಏರುತ್ತಿವೆ. ೨೦೧೨ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಸಕಾಲದಿಂದಾಗಿ ಅರ್ಜಿ ಹಾಕಿದವನಿಗೆ ಹದಿನೈದು ಅಂಕಿಯ ಒಂದು ಸಂಖ್ಯೆ ಸಿಗುತ್ತದೆ; ಗಡುವು ಮೀರಿದರೆ ದಿನಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕೂ ಕಾಯಿದೆಯಲ್ಲಿದೆ. ಇವೆಲ್ಲ ಒಳ್ಳೆಯವೇ, ನಾವು ಬೇಡವೆನ್ನುವುದಿಲ್ಲ. ಆದರೆ ಇವುಗಳಲ್ಲಿ ಪ್ರತಿಯೊಬ್ಬನಿಗೂ ಕಾಣುವುದು ಅವನವನ ಕಾಗದ ಮಾತ್ರ. ಅವರವರ ಕಾಗದ ಅವರವರಿಗೆ ಕಾಣುವುದು ಬೇರೆ, ಊರಿನ ಲೆಕ್ಕ ಊರಿಗೆ ಕಾಣುವುದು ಬೇರೆ. ಮೊದಲನೆಯದು ಅನುಕೂಲ. ಎರಡನೆಯದು ಅಧಿಕಾರ. ಅನುಕೂಲವನ್ನು ಕೊಟ್ಟು ಅಧಿಕಾರವನ್ನು ಒಳಗಿಟ್ಟುಕೊಳ್ಳುವುದು ನೌಕರಶಾಹಿಯ ಹಳೆಯ ಜಾಣತನ.

ಸಣ್ಣ ವ್ಯಾಪಾರಿಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಗರಸಭೆ ಜನರ ದುಡ್ಡಿನಿಂದ ಮಳಿಗೆ ಕಟ್ಟುತ್ತದೆ. ಹರಾಜಿನಲ್ಲಿ ಅದು ಒಬ್ಬರ ಹೆಸರಿಗೆ ಹೋಗುತ್ತದೆ. ಬಾಗಿಲು ತೆಗೆದು ಕೂರುವವನು ಮಾತ್ರ ಇನ್ನೊಬ್ಬ. ನಡುವೆ ಒಳಬಾಡಿಗೆ. ಮಾತಿಗೆ, ನಗರಸಭೆಗೆ ಸಲ್ಲುವುದು ತಿಂಗಳಿಗೆ ಎರಡು ಸಾವಿರ, ಅಂಗಡಿಯವನು ಕೊಡುವುದು ಹನ್ನೆರಡು ಸಾವಿರ ಎಂದು ಹಿಡಿಯೋಣ. ನಡುವಿನ ಹತ್ತು ಸಾವಿರ ಯಾವ ದುಡಿಮೆಗೆ ಸಂದ ಕೂಲಿ? ಅದು ಊರಿನ ಬೊಕ್ಕಸಕ್ಕೂ ಬರಲಿಲ್ಲ, ತಕ್ಕಡಿ ಹಿಡಿದವನಿಗೂ ಉಳಿಯಲಿಲ್ಲ. ಮಳಿಗೆಯ ಸಂಖ್ಯೆ, ಗುತ್ತಿಗೆದಾರರ ಹೆಸರು, ಬಾಡಿಗೆ, ಅವಧಿ ಮುಗಿಯುವ ದಿನ, ಬಾಕಿ, ಈ ಐದು ವಿಷಯಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಿದರೆ ಸಾಕು, ಈ ನಡುವಿನವರು ಹಗಲಿನಲ್ಲಿ ನಿಲ್ಲಲಾರರು. ಬೀದಿಬದಿಯ ವ್ಯಾಪಾರಿಗಳ ಸ್ಥಿತಿಯೂ ಹೀಗೆಯೇ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ ೪೦ಕ್ಕೆ ಕಡಿಮೆಯಿಲ್ಲದಂತೆ ಚುನಾಯಿತ ಬೀದಿ ವ್ಯಾಪಾರಿಗಳೇ ಇರಬೇಕೆಂದು ೨೦೧೪ರ ಕೇಂದ್ರ ಕಾಯಿದೆ ಹೇಳುತ್ತದೆ. ಆದರೆ ಸಮೀಕ್ಷೆಯ ಪಟ್ಟಿಯಲ್ಲಿ ತನ್ನ ಹೆಸರಿದೆಯೋ ಇಲ್ಲವೋ ಎಂಬುದೇ ತಿಳಿಯದ ತರಕಾರಿ ಮಾರುವ ತಾಯಿ, ಗಾಡಿ ಎತ್ತಿಸಲು ಬಂದವರಿಗೆ ಏನೆಂದು ಉತ್ತರ ಕೊಡಬೇಕು?

ಇನ್ನು ಗಿರಣಿ ಕಾರ್ಮಿಕರ ಮಾತು. ಊರ ಹೊರಗಿನ ಹೊಲದಲ್ಲಿ ಸುಣ್ಣದ ಗೆರೆ ಎಳೆದು, ಇಪ್ಪತ್ತಕ್ಕೆ ಮೂವತ್ತು ಅಡಿಯ ನಿವೇಶನವೆಂದು ಮಾರಿದವರಿಂದ ಕೊಂಡು, ಓವರ್‌ಟೈಮಿನ ದುಡ್ಡಿನಲ್ಲಿ ಎರಡು ಕೋಣೆ ಎಬ್ಬಿಸಿದವರು ಎಷ್ಟೋ ಮಂದಿ. ೨೦೨೫ರ ಫೆಬ್ರವರಿಯಲ್ಲಿ ಸರಕಾರ ನಗರಗಳಲ್ಲಿ ಬಿ-ಖಾತೆಯ ಅಭಿಯಾನ ಹೂಡಿದಾಗ ಇಂಥ ಮನೆಗಳು ಲೆಕ್ಕಕ್ಕೆ ಬರತೊಡಗಿದವು. ಲೆಕ್ಕಕ್ಕೆ ಬಂದದ್ದು ಸರಿ. ಆದರೆ ಕೊಂಡವನ ಮನೆಗೆ ‘ಬಿ’ ಎಂಬ ಮುದ್ರೆ ಬಿತ್ತು; ಅನುಮತಿ ಇಲ್ಲದೆ ಮಾರಿದವನಿಗೆ ಯಾವ ಮುದ್ರೆ ಬಿತ್ತು? ಯಾವ ಸರ್ವೆ ನಂಬರಿನ ಬಡಾವಣೆಗೆ ಅನುಮೋದನೆ ಇದೆ, ಯಾವುದಕ್ಕೆ ಇಲ್ಲ, ಯಾವುದರ ಅರ್ಜಿ ತಿರಸ್ಕೃತವಾಗಿದೆ ಎಂಬ ಪಟ್ಟಿ ಅಂದೇ ಗೋಡೆಯ ಮೇಲೆ ಇದ್ದಿದ್ದರೆ, ಕಾರ್ಮಿಕನು ಭವಿಷ್ಯನಿಧಿಯ ಹಣವನ್ನು ಅಂಥ ನೆಲಕ್ಕೆ ಸುರಿಯುತ್ತಿದ್ದನೇ? ಬಚ್ಚಿಟ್ಟ ಕಾಗದಕ್ಕೆ ಬೆಲೆ ಕಟ್ಟುವವರು ಯಾವಾಗಲೂ ಬಡವರೇ.

ನಾವು ಕೇಳುತ್ತಿರುವುದು ಹೊಸ ದಾನವನ್ನಲ್ಲ. ೨೦೦೫ರ ಮಾಹಿತಿ ಹಕ್ಕು ಕಾಯಿದೆಯ ೪ನೆಯ ಕಲಮನ್ನು ತೆಗೆದು ಓದಿ. ತಾನು ಕೊಟ್ಟ ರಿಯಾಯಿತಿ, ಪರವಾನಗಿ, ಅಧಿಕಾರಪತ್ರಗಳನ್ನು ಪಡೆದವರ ವಿವರವನ್ನು ಪ್ರತಿಯೊಂದು ಸಾರ್ವಜನಿಕ ಕಛೇರಿಯೂ, ಯಾರೂ ಕೇಳದಿದ್ದರೂ, ತಾನಾಗಿ ಪ್ರಕಟಿಸಬೇಕು ಎಂದು ಅಲ್ಲಿ ಬರೆದಿದೆ. ಅದಕ್ಕೆ ಕೊಟ್ಟಿದ್ದ ಕಾಲಾವಕಾಶ ೧೨೦ ದಿನ. ಇಪ್ಪತ್ತು ವರ್ಷ ಸಂದಿವೆ. ಪ್ರಕಟಣೆಯಲ್ಲಿ ಸ್ಥಳೀಯ ಭಾಷೆಯನ್ನು ಗಮನಿಸಬೇಕೆಂದೂ, ನೋಟೀಸು ಬೋರ್ಡು, ವೃತ್ತಪತ್ರಿಕೆ, ಸಾರ್ವಜನಿಕ ಘೋಷಣೆ, ಅಂತರಜಾಲ ಎಲ್ಲವೂ ಅದರ ದಾರಿಗಳೆಂದೂ ಅದೇ ಕಲಮು ಹೇಳುತ್ತದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮೂವತ್ತು ದಿನ ಕಾಯುವ ಅರ್ಜಿಯ ದಾರಿ, ತಾನಾಗಿ ಹೇಳದೆ ಉಳಿದ ವಿಷಯಗಳಿಗೆ ಮಾತ್ರ. ಇಂದು ಆಗಿರುವುದು ತಲೆಕೆಳಗು: ಎಲ್ಲಕ್ಕೂ ಅರ್ಜಿ, ಅರ್ಜಿಗೆ ಮೇಲ್ಮನವಿ.

ಈ ಹಕ್ಕನ್ನು ಹುಟ್ಟಿಸಿದವರು ವಕೀಲರ ಕೂಟದವರಲ್ಲ, ಕೂಲಿಗಳು ಎಂಬುದನ್ನೂ ಮರೆಯಬಾರದು. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ೧೯೯೪ರಿಂದ ಹಳ್ಳಿ ಹಳ್ಳಿಯಲ್ಲಿ ಜನರನ್ನು ಸೇರಿಸಿ, ಕಾಮಗಾರಿಯ ಬಿಲ್ಲನ್ನೂ ಹಾಜರಿ ಪಟ್ಟಿಯನ್ನೂ ಗಟ್ಟಿಯಾಗಿ ಓದಿಸಿದರು. ಕೆಲಸವೇ ಮಾಡದವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಆ ಸಭೆಗಳಲ್ಲಿ ಹೊರಬಿತ್ತು. ೧೯೯೬ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಅವರು ಧರಣಿ ಕೂತಾಗ ಪೇಟೆಯ ವ್ಯಾಪಾರಿಗಳೂ ಕೈಜೋಡಿಸಿದರು. ಓದಲು ಬಾರದವರೂ ಲೆಕ್ಕ ಕೇಳಬಲ್ಲರು. ಲೆಕ್ಕವನ್ನು ಅವರ ಮುಂದೆ ಇಡಬೇಕು, ಅಷ್ಟೆ.

ಆದರೆ ದಾಖಲೆ ಕಂಪ್ಯೂಟರಿಗೆ ಏರಿದ ಮಾತ್ರಕ್ಕೆ ಸಮತೆ ಬಂದೀತು ಎಂಬ ಭ್ರಮೆ ನಮಗಿಲ್ಲ. ನಮ್ಮ ರಾಜ್ಯದ ಭೂಮಿ ಯೋಜನೆಯನ್ನೇ ನೋಡಿ. ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಹದಿನೈದು ರೂಪಾಯಿಗೆ ಪಹಣಿ ಸಿಗುವಂತಾಯಿತು. ಗ್ರಾಮಲೆಕ್ಕಿಗರ ಕೈಬರಹದ ದರಬಾರು ಮುಗಿಯಿತು. ಇದು ಲಾಭವೇ. ಆದರೆ ಬೆಂಗಳೂರಿನ ಸುತ್ತಮುತ್ತ ಇದನ್ನು ಪರಿಶೀಲಿಸಿದ ಸೊಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು ೨೦೦೭ರಲ್ಲಿ ಇನ್ನೊಂದು ಮಾತು ಬರೆದರು: ದಾಖಲೆ ಒಂದೆಡೆ ಸೇರಿದ್ದರಿಂದ ದೊಡ್ಡ ಭೂವ್ಯವಹಾರದವರಿಗೆ ನೆಲ ಹಿಡಿಯುವುದು ಸುಲಭವಾಯಿತು ಎಂದು. ಇದರಿಂದ ನಾವು ಕಲಿಯಬೇಕಾದ ಪಾಠ ಪುಸ್ತಕ ಮುಚ್ಚಿಡಬೇಕೆಂದಲ್ಲ. ಹಣವಿದ್ದವರು ಮುಚ್ಚಿದ ಪುಸ್ತಕವನ್ನೂ ಓದಿಸಿಕೊಳ್ಳಬಲ್ಲರು, ಅವರಿಗೆ ದಲ್ಲಾಳಿಗಳಿದ್ದಾರೆ. ಪುಸ್ತಕ ತೆರೆಯುವಾಗ ಬಡವನ ಕಣ್ಣಿಗೂ ಅದೇ ದಿನ, ಅವನ ಭಾಷೆಯಲ್ಲಿ, ಆಕ್ಷೇಪಣೆಗೆ ಸಮಯವಿರುವಾಗಲೇ ತೆರೆಯಬೇಕು ಎಂಬುದೇ ಪಾಠ.

ಸಮಯದ ಮಾತನ್ನು ಮುಂಬಯಿಯ ಗಿರಣಿ ನೆಲದಿಂದ ತಿಳಿಯೋಣ. ೧೯೮೨ರ ಮಹಾಮುಷ್ಕರದ ನಂತರ ಅಲ್ಲಿಯ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದ ಅಭಿವೃದ್ಧಿಗೆ ೧೯೯೧ರಲ್ಲಿ ಮಾಡಿದ ೫೮ನೆಯ ನಿಯಮದಂತೆ, ನೆಲವನ್ನು ಬೇರೆ ಉಪಯೋಗಕ್ಕೆ ಹೊಸದಾಗಿ ಬಿಡಿಸುವಾಗ ಸರಿಸುಮಾರು ಮೂರರಲ್ಲಿ ಒಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕರಿಗೆ. ೨೦೦೧ರಲ್ಲಿ ಒಂದು ತಿದ್ದುಪಡಿ ಬಂತು: ಹಂಚಬೇಕಾದದ್ದು ಕಟ್ಟಡವಿಲ್ಲದ ಖಾಲಿ ನೆಲ ಮಾತ್ರ. ಗಿರಣಿಯೊಳಗೆ ಖಾಲಿ ನೆಲ ಎಷ್ಟಿದ್ದೀತು? ನಾಲ್ಕು ಮಾತುಗಳಲ್ಲಿ ಊರಿನ ಪಾಲು ಕರಗಿತು. ನಾಗರಿಕ ಸಂಸ್ಥೆಯವರು ಉಚ್ಚ ನ್ಯಾಯಾಲಯಕ್ಕೆ ಹೋದದ್ದು ೨೦೦೫ರಲ್ಲಿ. ಅಲ್ಲಿ ಗೆದ್ದರೂ, ೨೦೦೬ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ನೆಲ ಮಾರಾಟವಾಗಿತ್ತು, ಕಟ್ಟಡ ಏಳುತ್ತಿತ್ತು. ಪರವಾನಗಿ ಕೈಗೆ ಸಿಕ್ಕ ಮೇಲೆ ಪ್ರಕಟಿಸುವುದು ಮದುವೆಯಾದ ಮೇಲೆ ಜಾತಕ ತೋರಿಸಿದಂತೆ. ಅರ್ಜಿ ಬಂದ ದಿನವೇ ಪ್ರಕಟವಾಗಬೇಕು.

ಈಗ ಆಕ್ಷೇಪಣೆಗಳು. “ಜನರ ಖಾಸಗಿ ವಿಷಯ ಬಯಲಾಗುವುದಿಲ್ಲವೇ?” ಎಂಬುದು ಒಂದು. ಈ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದಲ್ಲ. ಆಧಾರ್ ಸಂಖ್ಯೆ, ಫೋನು, ಭಾವಚಿತ್ರ, ಸಾಲದ ವಿವರ ಯಾರಿಗೂ ಕಾಣಬಾರದು. ಒಬ್ಬಂಟಿ ವಿಧವೆಯ ಮನೆಯ ತೆರಿಗೆ ಬಾಕಿಯನ್ನು ಬೀದಿಯಲ್ಲಿ ಓದುವುದೂ ನಮಗೆ ಬೇಡ. ಆದರೆ ನಾಲ್ಕು ಮಹಡಿಯ ವಾಣಿಜ್ಯ ಕಟ್ಟಡದ ಪರವಾನಗಿ ಯಾರ ಖಾಸಗಿ ವಿಷಯ? ಅದರ ನೆರಳು ನಮ್ಮ ಅಂಗಳದಲ್ಲಿ ಬೀಳುತ್ತದೆ, ಅದರ ವಾಹನಗಳು ನಮ್ಮ ಬೀದಿಯಲ್ಲಿ ನಿಲ್ಲುತ್ತವೆ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯ ೪೪(೩)ನೆಯ ಕಲಮು ಮಾಹಿತಿ ಹಕ್ಕನ್ನೇ ತಿದ್ದಿ, ‘ವೈಯಕ್ತಿಕ’ ಎಂಬ ಒಂದು ಪದದ ಮರೆಯಲ್ಲಿ ಬಹಳಷ್ಟನ್ನು ಮುಚ್ಚಲು ದಾರಿ ಮಾಡಿದೆ. ಇದನ್ನು ನಾವು ವಿರೋಧಿಸುತ್ತೇವೆ. ಆದರೂ ಸಾರ್ವಜನಿಕ ಹಿತ ಹೆಚ್ಚಾದಲ್ಲಿ ಕೊಡಬಹುದೆಂಬ ೮(೨)ನೆಯ ಕಲಮು ಇನ್ನೂ ಉಳಿದಿದೆ ಎಂಬುದನ್ನು ಅಧಿಕಾರಿಗಳಿಗೆ ನೆನಪಿಸುತ್ತೇವೆ.

“ಕೂಲಿಯವರಿಗೆ ಕಂಪ್ಯೂಟರು ಎಲ್ಲಿದೆ?” ಎಂಬುದು ಇನ್ನೊಂದು ಆಕ್ಷೇಪಣೆ. ಪಾಳಿ ಮುಗಿಸಿ ಬಂದ ಹುಡುಗನ ಜೇಬಿನಲ್ಲಿ ಮೊಬೈಲು ಇದೆ. ಇಲ್ಲದವರಿಗೆ ಗೋಡೆ ಇದೆ, ಗ್ರಂಥಾಲಯ ಇದೆ, ಯೂನಿಯನ್ ಆಫೀಸು ಇದೆ. “ದಾಖಲೆಯಲ್ಲಿ ತಪ್ಪುಗಳಿವೆ, ಸರಿಪಡಿಸಿದ ಮೇಲೆ ನೋಡೋಣ” ಎನ್ನುವವರೂ ಇದ್ದಾರೆ. ೨೦೨೪ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ೨೦ ಲಕ್ಷಕ್ಕೂ ಹೆಚ್ಚು ಆಸ್ತಿಗಳ ಕರಡು ಇ-ಖಾತೆಗಳನ್ನು ವಾರ್ಡುವಾರು ಅಂತರಜಾಲದಲ್ಲಿ ಇಟ್ಟಿತು. ಹೆಸರಿನಲ್ಲಿ, ಅಳತೆಯಲ್ಲಿ ತಪ್ಪುಗಳನ್ನು ಜನರೇ ಕಂಡು ಕೂಗಿದರು. ಬಾಗಿಲು ಮುಚ್ಚಿಕೊಂಡಿದ್ದರೆ ಆ ತಪ್ಪುಗಳು ತಪ್ಪಾಗಿಯೇ ಉಳಿಯುತ್ತಿದ್ದವು.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

ಒಂದು, ನಗರಸಭೆಯ ಪ್ರತಿಯೊಂದು ಮಳಿಗೆ, ನಿವೇಶನ, ಉದ್ಯಾನ, ಖಾಲಿ ಜಾಗದ ಪಟ್ಟಿಯನ್ನು ಗುತ್ತಿಗೆ ಮತ್ತು ಬಾಡಿಗೆಯ ವಿವರದೊಡನೆ ಪ್ರಕಟಿಸಬೇಕು.

ಎರಡು, ಕಟ್ಟಡ, ಬಡಾವಣೆ, ಉದ್ದಿಮೆ ಪರವಾನಗಿಗಳ ಅರ್ಜಿಗಳನ್ನು ಬಂದ ದಿನವೇ, ತೀರ್ಮಾನವನ್ನು ಕಾರಣಸಹಿತ, ವಾರ್ಡುವಾರು ಹಾಕಬೇಕು. ಬೀದಿ ವ್ಯಾಪಾರಿಗಳ ಪಟ್ಟಿಯೂ ಅದರೊಡನೆ ಇರಬೇಕು.

ಮೂರು, ವಾಣಿಜ್ಯ ಆಸ್ತಿಗಳ ದೊಡ್ಡ ತೆರಿಗೆ ಬಾಕಿದಾರರ ಹೆಸರನ್ನು ಮೊತ್ತದ ಕ್ರಮದಲ್ಲಿ ಪ್ರಕಟಿಸಬೇಕು.

ನಾಲ್ಕು, ದಾಖಲೆಯಲ್ಲಿ ಯಾವ ನಮೂದನ್ನು ಯಾವ ದಿನ ಯಾವ ಅಧಿಕಾರಿ ತಿದ್ದಿದರು ಎಂಬುದೂ ಕಾಣಬೇಕು.

ಐದು, ಎಲ್ಲವೂ ಕನ್ನಡದಲ್ಲಿರಬೇಕು. ಮೂರು ತಿಂಗಳಿಗೊಮ್ಮೆ ವಾರ್ಡಿನ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು.

೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಅವರ ಜೊತೆ ನಿಂತ ಲೋಹಿಯಾ ಅವರೂ ಬಂಧನಕ್ಕೊಳಗಾದರು. ಆ ಜಗಳದ ಮೂಲದಲ್ಲಿದ್ದದ್ದು ಗೇಣಿಯ ಭತ್ತ ಅಳೆಯುವ ಕೊಳಗ. ಕೊಳಗ ಒಡೆಯರ ಕೈಯಲ್ಲಿದ್ದಷ್ಟು ದಿನ ಅಳತೆ ಒಡೆಯರದೇ. ಇಂದು ಊರನ್ನು ಅಳೆಯುವ ಕೊಳಗ ನಗರಸಭೆಯ ಈ ರಿಜಿಸ್ಟರು. ಅದು ಒಳಕೋಣೆಯಲ್ಲಿ ಇರುವಷ್ಟು ದಿನ ನಮ್ಮ ಪಾಲು ಎಷ್ಟೆಂದು ನಮಗೆ ತಿಳಿಯುವುದಿಲ್ಲ.

ಗಿರಣಿಯ ಬಂಧುಗಳೇ, ಅಂಗಡಿಯ ಮಿತ್ರರೇ, ನಿಮ್ಮ ವಾರ್ಡಿನ ಸದಸ್ಯರನ್ನು ಕಂಡಾಗ ಬೇರೇನೂ ಕೇಳಬೇಡಿ. ಮಳಿಗೆಗಳ ಪಟ್ಟಿ ಎಲ್ಲಿ, ಪರವಾನಗಿಗಳ ಪಟ್ಟಿ ಎಲ್ಲಿ ಎಂದು ಕೇಳಿ. ನಗರಸಭೆಯ ಮುಂದಿನ ಸಾಮಾನ್ಯ ಸಭೆಗೆ ಮುನ್ನ ಈ ಐದು ಬೇಡಿಕೆಗಳ ಮನವಿಗೆ ಪ್ರತಿಯೊಂದು ವಾರ್ಡಿನಲ್ಲೂ ಸಹಿ ಸಂಗ್ರಹಿಸಲು ನಾವು ಬರುತ್ತೇವೆ. ಓದಿ ಸಹಿ ಮಾಡಿ. ಓದಲಾಗದವರಿಗೆ ಓದಿ ಹೇಳಿ.