ಪಕ್ಷವೆಂಬ ಹೊಸ ಜಾತಿ

ಚುನಾವಣೆ ಹತ್ತಿರ ಬಂದಾಗಲೆಲ್ಲ ಮುನವಳ್ಳಿಯ ಚಹಾದಂಗಡಿಯಲ್ಲಿ ನನಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದೇ. ‘ಏನ್ರೀ ಸಾಹೇಬ್ರ, ಈ ಸಲಾನೂ ನಿಮ್ಮ ಮಂದಿದೆಲ್ಲಾ ಒಂದ ಗುಂಡಿ, ಹೌದಲ್ರೀ?’ ಕೇಳುವವರು ನನ್ನ ಹಳೆಯ ಗೆಳೆಯರು. ‘ಹೌದ್ರೀ ಗೌಡ್ರ, ನಿಮ್ಮ ಮಂದಿ ಎಷ್ಟ ಗುಂಡಿ ಒತ್ತತಾರ್ರೀ?’ ಎಂದು ನಾನು ತಿರುಗಿ ಕೇಳುತ್ತೇನೆ. ಇಬ್ಬರೂ ನಗುತ್ತೇವೆ. ಆದರೆ ಚುನಾವಣೆಯಿಂದ ಚುನಾವಣೆಗೆ ಆ ನಗು ಸಣ್ಣದಾಗುತ್ತಿದೆ.

ಮುಸಲ್ಮಾನರು ವೋಟ್ ಬ್ಯಾಂಕ್ ಎಂಬುದು ಈ ದೇಶದ ಹಳೆಯ ಬೈಗುಳ. ಉಳಿದವರು ಒಟ್ಟಾಗಿ ಮತ ಹಾಕಿದರೆ ಅದಕ್ಕೆ ಬೇರೆ ಹೆಸರು. 1989ರಲ್ಲಿ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು. ಮರುವರ್ಷವೇ ದಿಲ್ಲಿಯವರು ಅವರನ್ನು ಅವಮಾನಿಸಿ ಇಳಿಸಿದರು. 1994ರಲ್ಲಿ ಅದೇ ಪಕ್ಷಕ್ಕೆ ಸಿಕ್ಕಿದ್ದು 34. ಲಿಂಗಾಯತರ ಸಿಟ್ಟು ಇದಕ್ಕೊಂದು ದೊಡ್ಡ ಕಾರಣವೆಂದು ರಾಜಕೀಯ ಬಲ್ಲವರೆಲ್ಲ ಹೇಳುತ್ತಾರೆ. ಅದನ್ನು ಸ್ವಾಭಿಮಾನ ಎಂದರೇ ಹೊರತು ಯಾರೂ ವೋಟ್ ಬ್ಯಾಂಕ್ ಎನ್ನಲಿಲ್ಲ. ನಾನೂ ಅದನ್ನು ಸ್ವಾಭಿಮಾನವೆಂದೇ ಕರೆಯುತ್ತೇನೆ. ಪೆಟ್ಟು ತಿಂದ ಸಮುದಾಯ ಮತದ ಮೂಲಕ ಉತ್ತರ ಕೊಡುವುದು ಪ್ರಜಾಪ್ರಭುತ್ವಕ್ಕೆ ವಿರುದ್ಧವಲ್ಲ. 2018 ಮತ್ತು 2023ರ ವಿಧಾನಸಭಾ ಚುನಾವಣೆಗಳಲ್ಲಿ ಒಬ್ಬನೇ ಒಬ್ಬ ಮುಸಲ್ಮಾನನಿಗೂ ಟಿಕೆಟ್ ಕೊಡದ ಪಕ್ಷವನ್ನು ಮುಸಲ್ಮಾನ ದೂರ ಇಟ್ಟರೆ, ಅದಕ್ಕೆ ಅವನು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ.

ಹಾಗಾದರೆ ರೋಗ ಎಲ್ಲಿದೆ? ಸಮುದಾಯದ ನೋವನ್ನು ಹೇಳಲು ಪಕ್ಷವೊಂದು ಸಾಧನವಾಗಿದ್ದ ಕಾಲ ಹೋಗಿ, ಪಕ್ಷವೇ ಒಂದು ಜಾತಿಯಾಗಿಬಿಟ್ಟಿದೆ. ಜಾತಿಯವನ ತಪ್ಪನ್ನು ಮುಚ್ಚುವ ಹಾಗೆ ಪಕ್ಷದ ತಪ್ಪನ್ನೂ ಮುಚ್ಚುತ್ತೇವೆ. ರೋಗ ಅಲ್ಲಿದೆ.

ನಾಯಕರಿಗೆ ಈ ಕಟ್ಟುಪಾಡು ಇಲ್ಲ. ಜಗದೀಶ ಶೆಟ್ಟರ್ 2023ರ ಏಪ್ರಿಲಿನಲ್ಲಿ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದರು, ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಸೋತರು, 2024ರ ಜನವರಿಯಲ್ಲಿ ಬಿಜೆಪಿಗೆ ಮರಳಿದರು. ಅದೇ ವರ್ಷ ನಮ್ಮ ಸವದತ್ತಿ ಸೇರಿದ ಬೆಳಗಾವಿ ಕ್ಷೇತ್ರದಿಂದ ಲೋಕಸಭೆಗೆ ಗೆದ್ದರು. ಪಕ್ಷ ಬದಲಿಸುವುದು ಅವರ ಹಕ್ಕು. ಆದರೆ ಆ ಒಂಬತ್ತು ತಿಂಗಳು ಅವರ ಸಲುವಾಗಿ ಕಟ್ಟೆಯ ಮೇಲೆ ಬೈದಾಡಿಕೊಂಡವರ ಗತಿ ಏನು? ನಾಯಕರು ಅಂಗಿ ಬದಲಿಸಿದಷ್ಟು ಸಲೀಸಾಗಿ ಬಿಡುವ ಪಕ್ಷವನ್ನು ನಾವು ಮೈಯ ಚರ್ಮ ಮಾಡಿಕೊಂಡಿದ್ದೇವೆ.

ಈಗ ಎರಡು ಮೌನಗಳ ಕತೆ ಹೇಳುತ್ತೇನೆ. 2023ರ ಮಾರ್ಚಿನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಬೊಮ್ಮಾಯಿ ಸರಕಾರ ಮುಸಲ್ಮಾನರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ತೆಗೆದು ಒಕ್ಕಲಿಗರಿಗೂ ಲಿಂಗಾಯತರಿಗೂ ತಲಾ ಶೇ. 2ರಂತೆ ಹಂಚಿತು. ಪಂಚಮಸಾಲಿಗಳು ಕೇಳಿದ್ದು 2ಎ. ನನ್ನ ತಟ್ಟೆಯ ರೊಟ್ಟಿಯನ್ನು ಅವರು ಕೇಳಿರಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಆ ಆದೇಶ ಜಾರಿಯಾಗದೆ ನಿಂತಿತು. ಆದರೆ ‘ಇದು ಅನ್ಯಾಯ’ ಎಂಬ ಒಂದು ಮಾತನ್ನು ನನ್ನ ಲಿಂಗಾಯತ ಗೆಳೆಯರಿಂದ ನಾನು ನಿರೀಕ್ಷಿಸಿದ್ದೆ. ಅವರು ಸುಮ್ಮನಿದ್ದರು. ಮಾಡಿದ್ದು ಅವರ ಪಕ್ಷವಾಗಿತ್ತು.

2024ರ ಡಿಸೆಂಬರ್ 10ರಂದು ಅದೇ ಪಂಚಮಸಾಲಿಗಳು 2ಎ ಕೇಳಿಕೊಂಡು ಬೆಳಗಾವಿಯ ಸುವರ್ಣಸೌಧದತ್ತ ಹೊರಟಾಗ ಪೊಲೀಸರು ಲಾಠಿ ಬೀಸಿದರು. ನಮ್ಮ ಭಾಗದ ಒಕ್ಕಲುತನದ ಮನೆಗಳ ಹುಡುಗರ ಮೈಮೇಲೆ ಬಿದ್ದ ಏಟು ಅದು. ಅಂದು ನಾವು ಎಷ್ಟು ಜನ ಬಾಯಿ ತೆರೆದೆವು? ನಾನು ತೆರೆಯಲಿಲ್ಲ. ಅಧಿಕಾರದಲ್ಲಿದ್ದದ್ದು ‘ನಮ್ಮ’ ಪಕ್ಷವಾಗಿತ್ತು. ಗೌಡರ ಮೌನವನ್ನು ಎಣಿಸಿಟ್ಟವನು ನನ್ನ ಮೌನವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಈ ಎರಡು ಮೌನಗಳ ಲಾಭ ಯಾರಿಗೆ? ನಮ್ಮೂರ ಮಗ್ಗುಲಿನ ನವಿಲುತೀರ್ಥದ ನೀರನ್ನೇ ನೋಡಿ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಲೆವಿ ವಿರುದ್ಧ ನರಗುಂದ, ನವಲಗುಂದಗಳಲ್ಲಿ ಎದ್ದು ನಿಂತರು, ಗುಂಡಿಗೂ ಎದೆ ಕೊಟ್ಟರು. ಆ ಹೋರಾಟದಲ್ಲಿ ಭೂಮಿಯಿಲ್ಲದವನಿಗೆ ಜಾಗ ಕಡಿಮೆಯಿತ್ತು, ಒಪ್ಪುತ್ತೇನೆ. ಆದರೂ ರೈತ ಎಂಬ ಒಂದು ಗುರುತು ಗುಂಡೂರಾವ್ ಸರಕಾರವನ್ನು ಅಲುಗಾಡಿಸಿತು; 1983ರಲ್ಲಿ ಅದು ಸೋತು ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರಕಾರ ಬಂತು. ಇವತ್ತೇನಾಗಿದೆ? ಮಹದಾಯಿ ನ್ಯಾಯಮಂಡಳಿ ಕಳಸಾ-ಬಂಡೂರಿ ಮೂಲಕ ಮಲಪ್ರಭೆಗೆ 3.9 ಟಿಎಂಸಿ ನೀರು ಕೊಟ್ಟು ತೀರ್ಪು ನೀಡಿದ್ದು 2018ರಲ್ಲಿ. ಆಮೇಲೆ ಎರಡೂ ಪಕ್ಷಗಳು ಬೆಂಗಳೂರಿನಲ್ಲಿ ಆಳಿದವು. ನೀರು ಮಾತ್ರ ಬರಲಿಲ್ಲ. ಒಂದು ಪಕ್ಷ ಆಳುವಾಗ ಇವರಿಗೆ ಬಾಯಾರಿಕೆ, ಇನ್ನೊಂದು ಆಳುವಾಗ ಅವರಿಗೆ. ಇಬ್ಬರಿಗೂ ಒಮ್ಮೆಲೇ ಬಾಯಾರಿಕೆಯಾಗದಿದ್ದರೆ ಯಾವ ಸರಕಾರ ತಾನೇ ಹೆದರೀತು?

ನಮ್ಮ ಜಮಾತಿನ ಹಿರಿಯರಿಗೆ ನನ್ನದೊಂದು ಮಾತು. ಮತ ಯಾರಿಗೆ ಹಾಕಬೇಕೆಂದು ಚುನಾವಣೆಯ ಹಿಂದಿನ ರಾತ್ರಿ ಹೇಳುತ್ತೀರಿ. ಗೆದ್ದವರನ್ನು ಮರುದಿನದಿಂದ ಏನು ಕೇಳಬೇಕೆಂದೂ ಹೇಳಿ. ಹೆದರಿಕೆಯಿಂದ ಹಾಕಿದ ಮತಕ್ಕೂ ಲೆಕ್ಕ ಕೇಳುವ ಹಕ್ಕಿದೆ. ನಮ್ಮನ್ನು ರಕ್ಷಿಸುತ್ತೇವೆ ಎಂದಷ್ಟೇ ಹೇಳಿ ಶಾಲೆ, ಗಟಾರು, ನೌಕರಿಯ ಮಾತನ್ನು ತೇಲಿಸಿಬಿಡುವವರನ್ನು ಪ್ರಶ್ನಿಸಿದರೆ ಕೌಮಿಗೆ ದ್ರೋಹ ಮಾಡಿದಂತಲ್ಲ.

ಗೌಡರಿಗೂ ಒಂದು ಮಾತಿದೆ. ಆ ಡಿಸೆಂಬರಿನಲ್ಲಿ ನಾನು ನುಂಗಿಕೊಂಡ ಮಾತನ್ನು ಈಗ, ತಡವಾಗಿಯಾದರೂ, ಆಡಿದ್ದೇನೆ. ಗುಂಡಿ ಯಾವುದನ್ನಾದರೂ ಒತ್ತಿರಿ, ಅದು ನಿಮ್ಮದು. ಆದರೆ ಮುಂದಿನ ಸಲ ನನ್ನ ತಟ್ಟೆಗೆ ಕೈ ಬಂದಾಗ ನಿಮ್ಮ ಪಕ್ಷವನ್ನು ನೀವು ಬೈಯಬೇಕು. ನಿಮ್ಮ ಹುಡುಗನ ಬೆನ್ನ ಮೇಲೆ ಲಾಠಿ ಬಿದ್ದಾಗ ನನ್ನದನ್ನು ನಾನು.